ತಲೆ ಮೂಡಲಿಗೆ

ಫಿನಾಯಿಲಿನ ವಾಸನೆ ಮತ್ತೆ ಮೂಗಿಗೆ ಬಡಿಯಿತು, ಅದರ ಹಿಂದೆಯೇ ಗಾಳಿ, ಪೇಟೆಯ ಹೆರಿಗೆ ಆಸ್ಪತ್ರೆಯ ಈ ಉದ್ದನೆಯ ಕೋಣೆಯಲ್ಲಿ ಗಾಳಿಗೆ ಅಡ್ಡಿಯೇ ಇಲ್ಲ, ಆಳೆತ್ತರದ ಕಿಟಕಿಗಳು, ಸುಣ್ಣದ ಗೋಡೆ, ಗೋಡೆಯ ಮೇಲೆ ಮಹಾರಾಜರ ಪಟ, ಕಣ್ಣು ಕುಕ್ಕುವ ಬೆಳಕು — ಕದರಮ್ಮನ ಮಗಳು ಜಯಕ್ಕ ಹೆತ್ತಾಗಿನಿಂದ ರೆಪ್ಪೆ ಮುಚ್ಚಿಲ್ಲ, ಗಂಜಿ ಮುಟ್ಟಿಲ್ಲ, ಹಾಲು ಇಳಿದಿಲ್ಲ, ಅವ್ವಾ ಮನೆಗೆ ಕರ್ಕಂಡೋಗು ಅಂತ ಒಂದೇ ಸಮ, ಅವಳ ಅತ್ತೆ ಬೊಮ್ಮಕ್ಕ ಅದಕ್ಕೇ ಕಾದಿದ್ದವಳಂತೆ, ಗಾಡಿ ಕಟ್ಟುಸ್ತೀನಿ ಕಣಮ್ಮ, ಇದೇನು ಬಾಣಂತಿ ಮಲಗಾ ಜಾಗವಾ ಶಿರಾದ ಸಂತೆಮಾಳವಾ, ಮದಲೂರಲ್ಲಿ ನಮ್ ಕತ್ಲೆಕ್ವಾಣೆ ಬೆಚ್ಚಗೈತೆ. ಬೆಚ್ಚಗೆ — ಹೌದು, ಬೆಚ್ಚಗಿತ್ತು, ಕಂಡಿದ್ದಾಳೆ ಕದರಮ್ಮ, ದೊಡ್ಡ ಮಗಳು ಸರಸಮ್ಮ ಬಾಣಂತಿಯಾಗಿ ಮಲಗಿದ್ದ ಕೋಣೆ, ಕೆಂಡದ ಹೊಗೆ, ಬೆವರುವ ಗೋಡೆ, ಇದ್ದೊಂದು ಗವಾಕ್ಷಿಗೆ ತುರುಕಿದ ಹಸುರಂಚಿನ ಹಳೇ ಸೀರೆಯ ಮುದ್ದೆ, ಉಸ್ರು ಕಟ್ತೈತೆ ಅದುನ್ನ ತೆಗೀರಿ ಅಂದಿತ್ತು ಹುಡುಗಿ, ಶೀತ ಆಯ್ತದೆ ಸುಮ್ಕಿರು ಅಂದಿದ್ದರು ಎಲ್ಲರೂ, ಜ್ವರ ಏರಿ ಅಲ್ಲೇ ಜೀವ ಹೋಯಿತು, ಆಮೇಲೆ ಅದೇ ಅಳಿಯನಿಗೆ ಈ ತಂಗಿಯನ್ನು ಧಾರೆ ಎರೆದದ್ದು — ಮಗಳನ್ನು ಆ ಮನೆಗೆ ಕೊಟ್ಟಿದ್ದೀನಿ, ಆ ಕೋಣೆಗೆ ಕೊಟ್ಟಿಲ್ಲ. ಆದರೆ ಇಲ್ಲೂ ನಿದ್ದೆ ಬರದಿದ್ದರೆ, ಹಾಲು ಬರದಿದ್ದರೆ, ಮತ್ತೆ ಆ ಹಸುರಂಚು, ಇಲ್ಲ, ಏನು ನಿನ್ ಭಯ ಹೇಳವ್ವ ಅಂತ ಮಗಳ ಮೇಲೆ ಬಾಗಿದಳು, ಜಯಕ್ಕ ಪಿಸುಗುಟ್ಟಿದಳು, ತಲೆ ಬಡಗ್ಲಿಗೈತೆ ಕಣವ್ವ, ಹೆಣ ಮಲಗ್ಸಿದಂಗೆ ಮಲಗ್ಸವ್ರೆ. ಅಯ್ಯೋ, ಹೌದಲ್ಲ, ಸಾಲು ಮಂಚಗಳೆಲ್ಲ ಬಡಗಣ ಗೋಡೆಗೆ ತಲೆ ಕೊಟ್ಟು ನಿಂತಿವೆ, ನನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತಾ — ಎದ್ದಳು, ಸೆರಗು ಸಿಕ್ಕಿಸಿದಳು, ಕಬ್ಬಿಣದ ಮಂಚ ಕಿರ್ರೆಂದಿತು, ನರ್ಸಮ್ಮ ಓಡಿ ಬಂದಳು, ಏನಮ್ಮಾ ಇದು, ಡಾಕ್ಟ್ರು ಬರೋ ಹೊತ್ತು, ಸಾಲು ಕೆಡುತ್ತೆ, ಕೆಡ್ಲಿ ಬುಡಿ ತಾಯಿ, ನಿಮ್ ಕಿಟ್ಕಿ ನಾನು ಮುಚ್ಚಾಕಿಲ್ಲ, ನಿಮ್ ಔಸ್ತಿ ಬ್ಯಾಡ ಅನ್ನಾಕಿಲ್ಲ, ಮಂಚ ಒಂದು ತಿರುಗಿಸ್ಕತೀನಿ, ಇಲ್ದಿದ್ರೆ ಇವತ್ತೇ ಇವ್ಳು ಗಾಡಿ ಹತ್ತುತಾಳೆ, ಬೈಸ್ಕಣಾಕೆ ನಾನಿವ್ನಿ, ನೀವು ಆ ಕಡೆ ಹಿಡ್ಕಳಿ. ನರ್ಸಮ್ಮ ಬಾಗಿಲ ಕಡೆ ನೋಡಿದಳು, ನಿಟ್ಟುಸಿರಿಟ್ಟಳು, ಹಿಡಿದಳು. ತಲೆ ಮೂಡಲಿಗೆ ಬಂತು, ಕಿಟಕಿಯ ಕೆಳಕ್ಕೆ. ಜಯಕ್ಕ ಗಂಜಿ ಗುಟುಕರಿಸಿದಳು, ಕೂಸನ್ನು ಎದೆಗೆಳೆದುಕೊಂಡಳು, ರೆಪ್ಪೆ ಭಾರವಾಗಿ ಕೂತವು — ಅಷ್ಟರಲ್ಲಿ ಬೆಳಕು ಯಾಕೆ ಮಸುಕಾಯಿತು, ಕಿಟಕಿಯಲ್ಲಿ ಬೊಮ್ಮಕ್ಕ, ಮಲಗೈತಲ್ಲ, ಗಾಳಿ ಬಡೀತೈತೆ ಅನ್ನುತ್ತ ಸರಳುಗಳ ನಡುವೆ ಸೀರೆ ತುರುಕುತ್ತಿದ್ದಾಳೆ, ಕದರಮ್ಮನ ಕೈ ಆಗಲೇ ಅದರ ಮೇಲಿದೆ, ಎಳೆಯುತ್ತಿದೆ, ಬುಡಕ್ಕ, ಬುಡು ಅಂದೆ, ಎಳೆದಷ್ಟೂ ಬರುತ್ತಿದೆ, ಮುಷ್ಟಿಯೊಳಗೆ ಬೆಚ್ಚಗಿನ ಮುದ್ದೆ, ಅದೇ ಹಸುರಂಚು.