ಮೂರನೆಯ ಚಕ್ರದ ತಿಗಣೆ

ಗಾರ್ಬಟ್ ಮನೆಯಲ್ಲಿ ನಲವತ್ತು ವರ್ಷ ಒಂದೇ ಜೋಕು ನಡೆಯಿತು. ನೆಂಟರು ಬಂದರೆ, ಯಾರದಾದರೂ ಮದುವೆಯಾದರೆ, ಕ್ರಿಸ್‌ಮಸ್ ಊಟಕ್ಕೆ ಕೂತರೆ, ಹೆಡ್ಲಿ ಗಾರ್ಬಟ್ ಗಂಟಲು ಸರಿಮಾಡಿಕೊಂಡು ತನ್ನ ಹೆಂಡತಿಯ ಕಡೆ ಕೈ ತೋರಿಸುತ್ತಿದ್ದ. "ಇವಳು ಬಂದಿದ್ದು ಜಾಕ್‌ಪಾಟ್‌ಗೆ. ಪಾಪ, ಅದು ಸಿಗ್ಲಿಲ್ಲ, ನಾನ್ ಸಿಕ್ದೆ!" ಆಗ ಎಲ್ಲರೂ ಈನಿಡ್ ಕಡೆ ತಿರುಗಬೇಕು. ಅವಳು ಕೈಯಲ್ಲಿದ್ದ ಸೌಟನ್ನೋ ಗ್ಲಾಸನ್ನೋ ಕೆಳಗಿಟ್ಟು, "ನಾನಿನ್ನೂ ಕಾಯ್ತಾನೇ ಇದೀನಪ್ಪ" ಅನ್ನಬೇಕು. ಎಲ್ಲರೂ ನಗಬೇಕು. ನೂರು ಸಲ ಕೇಳಿದವರೂ ನಗುತ್ತಿದ್ದರು. ಗಂಡ ಹೆಂಡಿರು ಅಷ್ಟು ಚೆನ್ನಾಗಿ ಆಡುತ್ತಿದ್ದರು ಆ ನಾಟಕವನ್ನು.

ಹೆಡ್ಲಿ ಸತ್ತು ಎರಡು ವರ್ಷವಾಗಿತ್ತು. ಬ್ರಿಡ್ಲಿಂಗ್ಟನ್ನಿನ ಬಂದರಿನಿಂದ ದಂಡೆಯ ರಸ್ತೆಯ ಕೊನೆಯವರೆಗೆ ಇದ್ದ ಅಷ್ಟೂ ಆಟದಂಗಡಿಗಳ ಹಣ್ಣಿನ ಮಿಷನ್ನುಗಳನ್ನು ರಿಪೇರಿ ಮಾಡಿದವನು ಅವನು. ಕಾಸು ಹಾಕಿ ಹಿಡಿ ಎಳೆದರೆ ಮೂರು ಚಕ್ರ ಗಿರ್ರನೆ ತಿರುಗಿ ಚೆರ್ರಿ, ನಿಂಬೆ, ಪ್ಲಮ್ ಅಂತ ಒಂದೊಂದಾಗಿ ನಿಲ್ಲುತ್ತವಲ್ಲ, ಅವೇ. ಮೂರೂ ಕಡೆ ಗಂಟೆಯ ಚಿತ್ರ ಬಂದರೆ ಜಾಕ್‌ಪಾಟ್. ಈನಿಡ್ ಅವನಿಂದಲೇ ಕೆಲಸ ಕಲಿತಳು. ಈಗ ಅರವತ್ತು ದಾಟಿದ ಮೇಲೂ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಮಿಷನ್ನುಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿ ಕೊಡುತ್ತಿದ್ದಳು. ದೂರದೂರಿನಿಂದ ಗಿರಾಕಿಗಳು ವ್ಯಾನಿನಲ್ಲಿ ಹೇರಿಕೊಂಡು ಬರುತ್ತಿದ್ದರು.

ಆ ವಸಂತದಲ್ಲಿ ಅವಳ ಶೆಡ್ಡಿಗೆ ಬಂದದ್ದು ಅವರ ಮನೆಯ ಜೋಕಿನ ಮಿಷನ್ನು. ಹತ್ತೊಂಬತ್ತರ ಈನಿಡ್ ಚಿಪ್ಸ್ ಅಂಗಡಿಯ ಏಪ್ರನ್ನಿನಲ್ಲೇ ಓಡಿ ಬಂದು ಆಡುತ್ತಿದ್ದ, ಕೆಂಪು ಮೈಯ, ಹಿತ್ತಾಳೆ ಹಿಡಿಯ ಅದೇ ಮಿಷನ್ನು. ಹಳೆಯ ನಾಣ್ಯ ಹೋಗಿ ಹೊಸದು ಬಂದ ವರ್ಷ ಅದು ಆಟದಂಗಡಿಯ ಯಜಮಾನ ಡೆಸ್ಮಂಡ್ ರೇಸ್ಟ್ರಿಕ್‌ನ ಉಗ್ರಾಣ ಸೇರಿ ಧೂಳು ತಿನ್ನುತ್ತಿತ್ತು. ಈನಿಡ್‌ಳ ಮಗಳು ರೊವೀನಾ ಮುದುಕನನ್ನು ಕಾಡಿ ಬೇಡಿ ಬಿಡಿಸಿ ತಂದಳು. ದಂಡೆಯ ರಸ್ತೆಯ ಸಭಾಂಗಣದಲ್ಲಿ ಊರಿನ ಹಳೆಯ ವಸ್ತುಗಳನ್ನು ಇಡುತ್ತಿದ್ದರು. ಅಪ್ಪನ ಹೆಸರಿನಲ್ಲಿ ಇದನ್ನೂ ಇಡಬೇಕೆಂದು ಅವಳ ಹಟ. ಮೇಲೆ ಹಾಕುವ ಹಿತ್ತಾಳೆ ಫಲಕದ ಮಾತನ್ನು ಈನಿಡ್ ತಾನೇ ಬರೆದುಕೊಟ್ಟಿದ್ದಳು: ಹೆಡ್ಲಿ ಗಾರ್ಬಟ್. ಇವನ ಕೈ ಮುಟ್ಟಿದ ಯಾವ ಮಿಷನ್ನೂ ಯಾರಿಗೂ ಮೋಸ ಮಾಡಲಿಲ್ಲ.

ಬರೆಯುವಾಗ ಅವಳ ಕೈ ಒಂದಿಷ್ಟೂ ತಡೆಯಲಿಲ್ಲ. ಗಂಡನ ವಿಷಯದಲ್ಲಿ ಅವಳಿಗೆ ಗೊತ್ತಿದ್ದ ಸತ್ಯಗಳಲ್ಲಿ ಅದು ಮೊದಲನೆಯದು.

ವಿಚಿತ್ರವೆಂದರೆ, ಊರಿನ ಎಲ್ಲ ಮಿಷನ್ನುಗಳ ಹೊಟ್ಟೆ ನೋಡಿದ ಈನಿಡ್ ಈ ಒಂದನ್ನು ಯಾವತ್ತೂ ಬಿಚ್ಚಿರಲಿಲ್ಲ. ಹೆಡ್ಲಿ ಬಿಡುತ್ತಿರಲಿಲ್ಲ. "ಅದು ನಮ್ಮ ಲಗ್ನದ ಮಿಷನ್ ಕಣೆ, ಅದನ್ನ ನಾನೇ ನೋಡ್ಕೋತೀನಿ" ಅನ್ನುತ್ತಿದ್ದ. ಎಷ್ಟು ಪ್ರೀತಿ ನೋಡಿ ಅಂತ ಅವಳು ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ಮೆರೆದಿದ್ದಳು.

ಹಿಂಬದಿಯ ಹಲಗೆ ತೆಗೆದಾಗ ಮೊದಲು ಕಂಡದ್ದು ಹವಳದ ಬಣ್ಣ. ಅವಳ ಕಣ್ಣು ತುಂಬಿ ಬಂತು. ಸ್ಕ್ರೂ ಅದುರಿ ಸಡಿಲವಾಗಬಾರದು, ಬೇರೆ ಯಾರಾದರೂ ಕೈಯಾಡಿಸಿದರೆ ಗೊತ್ತಾಗಬೇಕು ಅಂತ ಈ ಕೆಲಸದವರು ಬಿಗಿ ಮಾಡಿದ ಸ್ಕ್ರೂ ತಲೆಯ ಮೇಲೆ ಒಂದು ಚುಕ್ಕೆ ನೇಲ್ ಪಾಲಿಶ್ ಇಡುತ್ತಾರೆ. ಒಬ್ಬೊಬ್ಬರದು ಒಂದೊಂದು ಬಣ್ಣ. ಹೆಡ್ಲಿಯದು ಹವಳ. ಆ ಬಣ್ಣ ತಯಾರಿಸುವುದು ನಿಲ್ಲುತ್ತದೆ ಅಂತ ಗೊತ್ತಾದಾಗ ಔಷಧಿ ಅಂಗಡಿಯಲ್ಲಿದ್ದ ಬಾಟಲಿಗಳನ್ನೆಲ್ಲ ಬಾಚಿಕೊಂಡು ಬಂದಿದ್ದ ಪುಣ್ಯಾತ್ಮ. ರೊವೀನಾ ಎಂಟು ವರ್ಷದವಳಿದ್ದಾಗ ಕದ್ದು ಉಗುರಿಗೆ ಹಚ್ಚಿಕೊಂಡು, "ಅದು ನನ್ನ ಸಹಿ, ನಿನ್ನ ಸಿಂಗಾರಕ್ಕಲ್ಲ" ಅಂತ ಅಪ್ಪನಿಂದ ಏಟು ತಿಂದಿದ್ದಳು. ಅವನು ಮಗಳ ಮೇಲೆ ಕೈ ಮಾಡಿದ್ದು ಅದೊಂದೇ ಸಲ.

ಈನಿಡ್ ಮೂರು ಚಕ್ರಗಳನ್ನೂ ಹೊರಗೆ ತೆಗೆದು, ತೊಳೆದು, ಎಣ್ಣೆ ಬಿಟ್ಟು ಮತ್ತೆ ಕೂರಿಸಿದಳು. ಪ್ರತಿ ಚಕ್ರದ ಪಕ್ಕದಲ್ಲಿ ಕಚ್ಚು ಕಚ್ಚಾಗಿ ಕೊರೆದ ಒಂದು ತಟ್ಟೆ ಇರುತ್ತದೆ, ಒಂದು ಚಿತ್ರಕ್ಕೆ ಒಂದು ಕಚ್ಚು. ಮೇಲಿನಿಂದ ಪುಟ್ಟ ತೋಳೊಂದು ಇಳಿದು ಯಾವ ಕಚ್ಚಿಗೆ ಬೀಳುತ್ತದೋ ಆ ಚಿತ್ರಕ್ಕೆ ಚಕ್ರ ನಿಲ್ಲುತ್ತದೆ. ಎಲ್ಲ ಸರಿಯಿದೆಯೇ ಎಂದು ನೋಡಲು ತೋಳನ್ನು ಮೆಲ್ಲಗೆ ತಾಗಿಸಿ ಹಿಡಿದು ಚಕ್ರವನ್ನು ಬೆರಳಲ್ಲಿ ತಿರುಗಿಸಿ ಕಿವಿಗೊಡಬೇಕು. ಮೊದಲನೆಯದು ಟಿಕ್ ಟಿಕ್ ಟಿಕ್ ಅಂತ ಸುತ್ತು ಮುಗಿಸಿತು. ಎರಡನೆಯದೂ ಹಾಗೇ. ಮೂರನೆಯದು ಟಿಕ್ ಟಿಕ್ ಅನ್ನುತ್ತಾ ಬಂದು ಒಂದು ಕಡೆ ಸುಮ್ಮನಾಯಿತು. ಆಮೇಲೆ ಮತ್ತೆ ಟಿಕ್.

ಇನ್ನೊಂದು ಸುತ್ತು ತಿರುಗಿಸಿದಳು. ಮತ್ತೆ ಅದೇ ಜಾಗದಲ್ಲಿ ಸುಮ್ಮನೆ.

ಕೊಳೆ ಕೂತಿರಬೇಕು ಎಂದುಕೊಂಡು ಬ್ಯಾಟರಿ ಹಿಡಿದು ನೋಡಿದಳು. ಕೊಳೆಯಲ್ಲ. ಕಚ್ಚಿನೊಳಗೆ ಹಿತ್ತಾಳೆಯ ಒಂದು ಚೂರು, ಅರ್ಧಚಂದ್ರದ ಹಾಗೆ ಅರದಿಂದ ಉಜ್ಜಿದ್ದು, ಸಣ್ಣ ಸ್ಕ್ರೂನಿಂದ ಬಿಗಿದಿದ್ದು. ಆ ಕಸುಬಿನವರು ಅದನ್ನು ತಿಗಣೆ ಅನ್ನುತ್ತಾರೆ. ಕೂತ ಜಾಗದಲ್ಲೇ ಕೂತು ರಕ್ತ ಹೀರುವುದು ಅದರ ಕೆಲಸ. ತಿಗಣೆ ಕೂತ ಕಚ್ಚಿಗೆ ತೋಳು ಇಳಿಯುವುದಿಲ್ಲ, ಜಾರಿ ಮುಂದಿನದಕ್ಕೆ ಹೋಗುತ್ತದೆ. ಅವಳು ಚಕ್ರದ ಮುಂಭಾಗ ತಿರುಗಿಸಿ ಅದು ಯಾವ ಚಿತ್ರದ ಕಚ್ಚು ಎಂದು ನೋಡಿದಳು. ನೋಡುವ ಮೊದಲೇ ಗೊತ್ತಾಗಿತ್ತು. ಗಂಟೆ. ಮೂರನೆಯ ಚಕ್ರದಲ್ಲಿದ್ದ ಒಂದೇ ಒಂದು ಗಂಟೆ.

ಸ್ಕ್ರೂ ತಲೆಯ ಮೇಲೆ ಹವಳದ ಬಣ್ಣದ ಚುಕ್ಕೆ.

ಶೆಡ್ಡಿನ ಸ್ಟೂಲಿನ ಮೇಲೆ ಈನಿಡ್ ಎಷ್ಟು ಹೊತ್ತು ಕೂತಳೋ, ಟೀ ಆರಿ ಕೆನೆಗಟ್ಟಿತು. ಚಿಪ್ಸ್ ಅಂಗಡಿಯ ಆ ಹುಡುಗಿ ಸುಮ್ಮನೆ ಚಟಕ್ಕೆ ಆಡಿದವಳಲ್ಲ. ಅವಳಿಗೆ ಗಡಿಯಾರದ ಕೆಲಸ ಕಲಿಯುವ ಹುಚ್ಚು. ಹಲ್ ನಗರದ ಗಡಿಯಾರದ ಮುದುಕನೊಬ್ಬ, ಹೆಣ್ಣುಹುಡುಗಿಯಾದರೂ ಪರವಾಗಿಲ್ಲ, ಕಲಿಸುವ ಹಣವನ್ನು ಬೇಸಿಗೆ ಮುಗಿಯುವುದರೊಳಗೆ ತಂದರೆ ಸೇರಿಸಿಕೊಳ್ಳುತ್ತೇನೆ ಎಂದಿದ್ದ. ಮುಕ್ಕಾಲು ಪಾಲು ಕೂಡಿಸಿದ್ದಳು. ಉಳಿದ ಕಾಲು ಪಾಲಿಗೆ ಜಾಕ್‌ಪಾಟ್ ಸಾಕಿತ್ತು. ಮಿಷನ್ನಿಗೆ ಒರಗಿ ನಿಂತು ಎಣ್ಣೆಗೈ ಒರೆಸಿಕೊಳ್ಳುತ್ತಾ ಹೆಡ್ಲಿ ಹೇಳುತ್ತಿದ್ದ, "ಈಗ ಬೀಳೋ ಹಾಗಿದೆ ನೋಡು. ಇನ್ನೊಂದೆರಡು ಹಾಕು." ಗಂಟೆ, ಗಂಟೆ, ಮೂರನೆಯದು ಸ್ವಲ್ಪದರಲ್ಲಿ ತಪ್ಪಿ ಮೇಲೆ ನಿಲ್ಲುತ್ತಿತ್ತು. ಆರು ಪೆನ್ನಿಯ ನಾಣ್ಯ ಒಂದಾದ ಮೇಲೆ ಒಂದು ಒಳಗೆ ಹೋಯಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಮುಕ್ಕಾಲೂ ಇರಲಿಲ್ಲ, ಕಾಲೂ ಇರಲಿಲ್ಲ. ಸಮುದ್ರದ ಗೋಡೆಯ ಮೇಲೆ ಕೂತು ಅತ್ತವಳಿಗೆ ಹೆಡ್ಲಿ ಟೀ ಕೊಡಿಸಿದ. ಕರವಸ್ತ್ರ ಕೊಟ್ಟ. "ಗಡಿಯಾರ ಹೋದ್ರೆ ಹೋಗ್ಲಿ ಬಿಡು, ನಾನ್ ಕಲಿಸ್ತೀನಿ ಕೆಲಸ" ಅಂದ. ಅವಳು ಆ ಕರವಸ್ತ್ರವನ್ನು ಇವತ್ತಿಗೂ ಇಟ್ಟುಕೊಂಡಿದ್ದಳು.

ಮಾರನೆಯ ದಿನ ಡೆಸ್ಮಂಡ್ ರೇಸ್ಟ್ರಿಕ್‌ನ ಬಾಗಿಲು ಬಡಿದಳು. ಎಂಬತ್ತು ದಾಟಿದ ಮುದುಕ ಕಿಟಕಿಯ ಪಕ್ಕ ಕೂತು ಕಡಲಕಾಗೆಗಳಿಗೆ ಬೈಯುತ್ತಿದ್ದ. ಊರಿಗೆಲ್ಲ ಅವನು ಇವತ್ತಿಗೂ ಯಜಮಾನರೇ.

"ಯಜಮಾನ್ರೆ, ಮೂರನೇ ಚಕ್ರದಲ್ಲಿ ತಿಗಣೆ ಇದೆ."

ಮುದುಕನ ಮುಖ ಇಳಿಯಿತು. "ಇನ್ನೂ ಇದ್ಯಾ? ತೆಗ್ದಿರ್ತಾನೆ ಅಂದ್ಕೊಂಡಿದ್ದೆ ಹುಡುಗಿ. ಇಲ್ದಿದ್ರೆ ನಿಮ್ಮನೆಗೆ ಕಳಿಸ್ತಿದ್ನಾ?"

"ಯಾರು ಹಾಕಿದ್ದು?"

"ಹಾಕ್ಸಿದ್ದು ನಾನೇ. ಸುಳ್ಳ್ಯಾಕೆ ಹೇಳ್ಲಿ? ಆ ವರ್ಷ ಬಾಡಿಗೆ ಕುತ್ತಿಗೆಗೆ ಬಂದಿತ್ತು. ಒಂದೇ ಒಂದು ಮಿಷನ್‌ಗೆ, ಒಂದು ತಿಂಗಳ ಮಟ್ಟಿಗೆ ಅಂತ."

"ನಾನು ಆಡಿದ್ದು ಒಂದು ತಿಂಗಳಲ್ಲ. ಇಡೀ ಬೇಸಿಗೆ."

ಡೆಸ್ಮಂಡ್ ಕಂಬಳಿಯ ಅಂಚನ್ನು ಹಿಡಿದು ತಿರುಚಿದ. "ಜುಲೈನಲ್ಲೇ ತೆಗಿ ಅಂದೆ. ಆ ಹುಡುಗಿ ಮುಖ ನೋಡೋಕಾಗಲ್ಲ, ಒಂದ್ಸಲ ಗೆಲ್ಲಲಿ ಅಂದೆ. ಅವನೇ ಬೇಡ ಅಂದ."

"ಅವನೇ?"

"'ಅವಳು ಗೆದ್ರೆ ಹಲ್‌ಗೆ ಹೋಗ್ತಾಳೆ ಯಜಮಾನ್ರೆ, ವಾಪಸ್ ಬರಲ್ಲ' ಅಂದ. ಅಷ್ಟ್ ಹಚ್ಕೊಂಡಿದ್ದ ಕಣೆ ನಿನ್ನ! ಅದೂ ಒಂದ್ ಥರ ಪ್ರೀತಿನೇ ಅಲ್ವಾ? ಕೊನೆಗೆ ಸುಖವಾಗೇ ಇದ್ರಲ್ಲ ಇಬ್ರೂ?"

"ಆ ದುಡ್ಡು ಯಾಕೆ ಅಂತ ಅವನಿಗೆ ಗೊತ್ತಿತ್ತು" ಅಂದಳು ಈನಿಡ್. ದನಿ ಎತ್ತಲಿಲ್ಲ. "ನಾನೇ ಹೇಳಿದ್ದೆ. ಬೇರೆ ಯಾರಿಗೂ ಹೇಳಿರ್ಲಿಲ್ಲ, ನಮ್ಮಮ್ಮನಿಗೂ. ಹಾಕು ಹಾಕು ಅಂತ ಪಕ್ಕದಲ್ಲಿ ನಿಂತ್ಕೊಂಡು ಹೇಳ್ತಿದ್ದ. ಸಂಜೆ ಅದೇ ಕೈಯಲ್ಲಿ ಮಿಷನ್‌ನ ಕಾಸಿನ ಡಬ್ಬಿ ಖಾಲಿ ಮಾಡ್ತಿದ್ದ."

"ಸತ್ತೋದವನು, ಬಿಟ್ಬಿಡು ಹುಡುಗಿ. ಇನ್ನೊಬ್ಬರಿಗೆ ಹೇಳಿ ಏನಾಗ್ಬೇಕು? ಚೂರು ತೆಗೆದು ಸಮುದ್ರಕ್ಕೆ ಬಿಸಾಕು."

ಅವಳು ಎದ್ದು ಬಂದಳು. ದಾರಿಯುದ್ದಕ್ಕೂ ಅವಳಿಗೆ ಬಂದದ್ದು ದುಃಖವಲ್ಲ, ಉರಿ. ಆ ಬೇಸಿಗೆಯನ್ನಾದರೂ ಹೇಗೋ ನುಂಗಬಹುದಿತ್ತು. ಇಪ್ಪತ್ತೆರಡರ ಹುಡುಗ, ಬುದ್ಧಿಯಿರಲಿಲ್ಲ ಅನ್ನಬಹುದಿತ್ತು. ಆದರೆ ಆ ಜೋಕು? ನಲವತ್ತು ವರ್ಷ, ಪ್ರತಿ ಕ್ರಿಸ್‌ಮಸ್‌ಗೆ, ಅವಳ ಬಾಯಲ್ಲೇ "ಇನ್ನೂ ಕಾಯ್ತಾ ಇದೀನಿ" ಅನ್ನಿಸಿ ನಗುತ್ತಿದ್ದನಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕುವುದು? ಎಲ್ಲರೂ ಒಂದಕ್ಕೆ ನಕ್ಕರೆ ಅವನೊಬ್ಬ ಇನ್ನೊಂದಕ್ಕೆ ನಕ್ಕಿದ್ದ. ಒಂದು ಸಲ, ಹಾಸಿಗೆಯಲ್ಲಿ ಉಸಿರೆಳೆಯುತ್ತಿದ್ದ ಕೊನೆಯ ದಿನಗಳಲ್ಲಾದರೂ ಒಂದು ಸಲ ಹೇಳಿದ್ದರೆ ಅವಳು ಬೈದು, ಅತ್ತು, ಅವನ ತಲೆ ನೇವರಿಸಿ ಮುಗಿಸುತ್ತಿದ್ದಳು. ಈಗ ಬೈಯುವುದಕ್ಕೂ ಎದುರಿಗೆ ಯಾರೂ ಇಲ್ಲ.

ಶೆಡ್ಡಿಗೆ ಬಂದು ಸಣ್ಣ ಸ್ಕ್ರೂಡ್ರೈವರನ್ನು ತಿಗಣೆಯ ಸ್ಕ್ರೂ ಮೇಲಿಟ್ಟಳು. ಒಂದು ತಿರುವು ಸಾಕು. ಹವಳದ ಚುಕ್ಕೆ ಒಡೆದುಹೋಗುತ್ತದೆ, ಮೂರನೆಯ ಚಕ್ರ ಎಲ್ಲ ಕಡೆ ಟಿಕ್ ಅನ್ನುತ್ತದೆ, ಫಲಕದ ಮಾತು ನಿಜವಾಗುತ್ತದೆ, ರೊವೀನಾಳ ಅಪ್ಪ ರೊವೀನಾಳಿಗೆ ಉಳಿಯುತ್ತಾನೆ.

ಆದರೆ ಹೆಡ್ಲಿಯೇ ಕಲಿಸಿದ ಒಂದು ಪಾಠವಿತ್ತು. ಗಿರಾಕಿಗಳು ಹೊಳಪು ಮಾಡಿಕೊಡಿ, ಹೊಸ ಚಿತ್ರ ಅಂಟಿಸಿಕೊಡಿ ಅಂದಾಗೆಲ್ಲ ಅವನು ಹೇಳುತ್ತಿದ್ದ: "ಮಿಷನ್ ಹೇಗೆ ಓಡ್ತಿತ್ತೋ ಹಾಗೇ ಓಡೋ ಥರ ಮಾಡಿಕೊಡ್ಬೇಕು. ಚೆಂದ ಮಾಡೋಕೆ ಹೋಗಿ ಸುಳ್ಳು ಮಾಡಬಾರ್ದು." ದೊಡ್ಡ ಮನುಷ್ಯ! ಈನಿಡ್ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಹಿಂಬದಿಯ ಮರದ ಹಲಗೆಯನ್ನು ಗೋಡೆಗೆ ಒರಗಿಸಿ, ಅಳತೆ ತೆಗೆದುಕೊಂಡು ಗಾಜಿನ ಅಂಗಡಿಗೆ ಹೋದಳು.

ಶನಿವಾರ ಸಭಾಂಗಣ ತುಂಬಿತ್ತು. ಹಳೆಯ ಆಟದಂಗಡಿಯವರು, ಚಿಪ್ಸ್ ಅಂಗಡಿಯವರು, ದೋಣಿಯವರು. ಡೆಸ್ಮಂಡ್‌ನನ್ನೂ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಿದ್ದರು. ಕೆಂಪು ಮಿಷನ್ನು ಸಭಾಂಗಣದ ನಡುವೆ ಒಂದು ಮೇಜಿನ ಮೇಲೆ ಮಿರಿಮಿರಿ ಮಿಂಚುತ್ತಿತ್ತು.

ರೊವೀನಾ ಅಮ್ಮನ ಕಿವಿಯಲ್ಲಿ ಕೇಳಿದಳು, "ಫಲಕ ಎಲ್ಲಮ್ಮ?"

"ಹಾಕಿಲ್ಲ."

"ಯಾಕೆ? ಅಕ್ಷರ ತಪ್ಪಾಗಿತ್ತಾ?"

ಅಷ್ಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ರೊವೀನಾ ಮಾತಾಡಲೇಬೇಕಾಯಿತು. ಅವಳು ಥೇಟು ಅಪ್ಪನ ಹಾಗೆ ಗಂಟಲು ಸರಿಮಾಡಿಕೊಂಡು ಅಮ್ಮನ ಕಡೆ ಕೈ ತೋರಿಸಿದಳು. "ನಮ್ಮಪ್ಪ ಹೇಳ್ತಿದ್ದ ಹಾಗೆ, ಇವಳು ಬಂದಿದ್ದು ಜಾಕ್‌ಪಾಟ್‌ಗೆ. ಪಾಪ, ಅದು ಸಿಗ್ಲಿಲ್ಲ, ನಾನ್ ಸಿಕ್ದೆ!" ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರೂ ಈನಿಡ್ ಕಡೆ ತಿರುಗಿದರು.

ಅವಳು ಏನೂ ಹೇಳಲಿಲ್ಲ. ಡೆಸ್ಮಂಡ್ ಮಡಿಲಲ್ಲಿದ್ದ ಟೋಪಿಯನ್ನು ನೋಡುತ್ತಿದ್ದ.

ರೊವೀನಾಳೇ ನಗುತ್ತಾ ಆ ತೆರಪನ್ನು ತುಂಬಿದಳು. "ಅಮ್ಮ ಇನ್ನೂ ಕಾಯ್ತಾ ಇದಾಳೆ! ಬಾಮ್ಮ, ಮೊದಲು ನೀನೇ ಎಳಿ. ಈ ಸಲ ಬಿದ್ದೇ ಬೀಳುತ್ತೆ." ಹಳೆಯ ಆರು ಪೆನ್ನಿಯ ನಾಣ್ಯಗಳನ್ನು ಅಮ್ಮನ ಅಂಗೈಗೆ ಸುರಿದಳು.

"ಬೀಳಲ್ಲ ಕಣೆ" ಅಂದಳು ಈನಿಡ್. "ಹಿಂದೆ ಬಾ, ನೋಡು."

ತಾಯಿ ಮಗಳು ಮಿಷನ್ನಿನ ಹಿಂದಕ್ಕೆ ಹೋದರು. ಈನಿಡ್ ಮರದ ಹಲಗೆಯ ಬದಲು ಕೂರಿಸಿದ್ದ ಗಾಜನ್ನು ಸರಿಸಿ ತೋಳನ್ನು ತಾಗಿಸಿ ಹಿಡಿದು ಮೂರನೆಯ ಚಕ್ರವನ್ನು ಬೆರಳಲ್ಲಿ ತಿರುಗಿಸಿದಳು. ಟಿಕ್, ಟಿಕ್, ಟಿಕ್. ಆಮೇಲೆ ಸುಮ್ಮನೆ. ಆಮೇಲೆ ಟಿಕ್. ಮೊದಲು ರೊವೀನಾಳಿಗೆ ಏನೂ ಹೊಳೆಯಲಿಲ್ಲ. ಆದರೆ ಅವಳೂ ಆ ಶೆಡ್ಡಿನಲ್ಲೇ ಬೆಳೆದವಳು. ಎರಡನೆಯ ಸುತ್ತಿಗೆ ಕನ್ನಡಕ ಹಾಕಿಕೊಂಡು ಬಗ್ಗಿದಳು. ಹಿತ್ತಾಳೆಯ ಚೂರನ್ನು ಕಂಡಳು. ಅದು ಯಾವ ಕಚ್ಚಿನಲ್ಲಿದೆ ಎಂದು ಕತ್ತು ಹೊರಳಿಸಿ ಮುಂಭಾಗದ ಚಿತ್ರ ನೋಡಿದಳು. ಕೊನೆಗೆ ಸ್ಕ್ರೂ ಮೇಲಿದ್ದ ಚುಕ್ಕೆ ಕಂಡಿತು.

ಅವಳ ಹೆಬ್ಬೆರಳು ತಾನಾಗಿಯೇ ತನ್ನ ಉಗುರುಗಳ ಮೇಲೆ ಓಡಾಡಿತು.

"ಅಮ್ಮ, ಇದು ಅಪ್ಪನ ಬಣ್ಣ."

"ಹೂಂ."

"ನಿಂಗೆ ಯಾವಾಗ ಗೊತ್ತಾಯ್ತು?"

"ಈ ವಾರ."

ರೊವೀನಾ ಅಮ್ಮನ ತೋಳನ್ನು ಹಿಡಿದುಕೊಂಡಳು. ಮುಂದುಗಡೆಯಿಂದ ದೋಣಿಯವನೊಬ್ಬ ಕೂಗಿದ, "ಏನ್ ಗುಸುಗುಸು ನಡೆಸಿದೀರಿ ಅಲ್ಲಿ? ಕಾಸು ಹಾಕಿ ಈನಿಡ್, ಈಗ ಬೀಳೋ ಹಾಗಿದೆ!"

ಈನಿಡ್ ಅಂಗೈಯಲ್ಲಿದ್ದ ನಾಣ್ಯಗಳನ್ನು ತನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದುಕೊಂಡಳು.