ಏಳನೆಯ ಕಾಲಂ

ಕೋಟಿನ ಮೂರನೆಯ ಗುಂಡಿ ಹಾಕುವಷ್ಟರಲ್ಲಿ ಅಕ್ಕನ ಕೈ ನಿಂತಿತು. ಕೋಟು ತಮ್ಮನಿಗೆ ಎರಡು ಅಳತೆ ದೊಡ್ಡದಾಗಿತ್ತು. ಸೈನ್ಯದಿಂದ ನಿವೃತ್ತನಾಗಿ ಬಂದ ವರ್ಷ ಇದೇ ಗುಂಡಿಗಳನ್ನು ಹಾಕಿಕೊಳ್ಳಲು ಅವನು ಉಸಿರು ಬಿಗಿಹಿಡಿಯಬೇಕಾಗಿತ್ತು. ಈಗ ಉಸಿರೂ ಇಲ್ಲ, ಬಿಗಿಯೂ ಇಲ್ಲ. ಬಟ್ಟೆ ಎದೆಯ ಮೇಲೆ ಸಡಿಲವಾಗಿ ಬಿದ್ದುಕೊಂಡಿತ್ತು.

“ಬೆನ್ನಿಗೆ ನಾಲ್ಕು ಪಿನ್ನು ಚುಚ್ಚೋಣ ಅತ್ತಿಗೆ,” ಎಂದಳು ತಮ್ಮನ ಹೆಂಡತಿ. ಇಪ್ಪತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ದುಡಿದವಳು ಅವಳು. ಗಂಡನ ಹೆಣದ ಮುಂದೆಯೂ ಅವಳ ಕಣ್ಣು ಅಳತೆ ತಪ್ಪುತ್ತಿರಲಿಲ್ಲ. “ಮುಂದಿನಿಂದ ನೋಡೋರಿಗೆ ಗೊತ್ತಾಗಲ್ಲ.”

ಮುಂದಿನಿಂದ ನೋಡುವವರಿಗೆ ಗೊತ್ತಾಗಬಾರದು. ಅಕ್ಕ ಬಾಳಿದ್ದೇ ಹಾಗೆ. ಶಾಲೆಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದವಳು, ಮುತ್ತು ಪೋಣಿಸಿದಂಥ ಅಕ್ಷರದವಳು. ಬೀದಿಯಲ್ಲಿ ಯಾರ ಪಿಂಚಣಿ ನಿಂತರೂ, ಯಾರ ಮನೆಯ ನಲ್ಲಿ ಒಣಗಿದರೂ ಅರ್ಜಿ ಬರೆಯುವವಳು ಅವಳೇ. ‘ಅರ್ಜಿ ಅಕ್ಕ’ ಎಂದೇ ಹೆಸರು ಬಿದ್ದುಹೋಗಿತ್ತು. ಅವಳು ಬರೆದ ಕಾಗದ ಹಿಡಿದು ಹೋದವರು ಬರಿಗೈಯಲ್ಲಿ ಬಂದದ್ದಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಹೇಳಿದರೆ ಹೇಳಲಿ, ಅವಳೂ ಅದನ್ನು ನಂಬಿಬಿಟ್ಟಿದ್ದಳು.

ಬಾಗಿಲಲ್ಲಿ ಬೇಕರಿಯವಳು ಇಣುಕಿದಳು. “ಏನಾಗಿತ್ತು, ಪಾಪ? ಅರವತ್ತೂ ಆಗಿರಲಿಲ್ಲ ಅಲ್ವಾ?”

“ಹೊಟ್ಟೆ,” ಎಂದಳು ಅಕ್ಕ. ಬೆಳಗಿನಿಂದ ಹನ್ನೊಂದನೆಯ ಸಲ ಹಾಗೆ ಹೇಳುತ್ತಿದ್ದಳು.

ಬೇಕರಿಯವಳು ಲೊಚಗುಟ್ಟಿ ಹೊರಗೆ ಹೋದಳು. ತಮ್ಮನ ಹೆಂಡತಿ ಬಾಯಲ್ಲಿದ್ದ ಪಿನ್ನನ್ನು ತೆಗೆದಳು.

“ಹೊಟ್ಟೆಯಂತೆ! ಕುಡಿದು ಕುಡಿದು ಲಿವರ್ ಸುಟ್ಕೊಂಡ್ರು ಅನ್ನಿ. ಎರಡು ಸಲ ಆಸ್ಪತ್ರೆ ಸೇರಿದ್ರು. ಎರಡು ಸಲಾನೂ ಬಂದ ವಾರಕ್ಕೇ ಬಾಟ್ಲಿ. ಸರ್ಕಾರ ಬಿಟ್ಟಿಯಾಗಿ ನೋಡ್ಕೊಂಡ್ರೂ ಬಿಡೋ ಮನಸ್ಸು ಬರಲಿಲ್ಲ ಅಂದ್ರೆ ಏನರ್ಥ? ನಾನು, ಮಗಳು ಯಾರೂ ಬೇಕಾಗಿರಲಿಲ್ಲ ಅವರಿಗೆ.”

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಅಷ್ಟೇ ನೆಪ ಸಾಕಾಯಿತು. ಬಾಯಿ ಮುಚ್ಚಿ ನಾಲ್ಕನೆಯ ಗುಂಡಿ ಹಾಕಿದಳು.

*

ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ತಮ್ಮ ಅವಳ ಮನೆಗೆ ಬಂದಿದ್ದ. ಗಡ್ಡ ಕೆರೆದುಕೊಂಡಿದ್ದ, ಬಾಯಿ ವಾಸನೆ ಹೊಡೆಯುತ್ತಿರಲಿಲ್ಲ. ಗಡ್ಡ ಕೆರೆಯುವಾಗ ಮೂರು ಕಡೆ ಗಾಯ ಮಾಡಿಕೊಂಡಿದ್ದ. ಸೈನ್ಯದಲ್ಲಿ ಟೆಲಿಫೋನ್ ತಂತಿ ಎಳೆಯುವ ಕೆಲಸ ಅವನದು. ಬೆಟ್ಟದ ನೆತ್ತಿಯಲ್ಲಿ, ಹಿಮಗಾಳಿಯಲ್ಲಿ, ಕೂದಲೆಳೆಯಂಥ ತಂತಿಗಳನ್ನು ಬರಿಗೈಯಲ್ಲಿ ಜೋಡಿಸಿದವನು. ಗೆಳೆಯರು ಅವನನ್ನು ‘ತಂತಿ’ ಎಂದೇ ಕರೆಯುತ್ತಿದ್ದರು. ಆ ಬೆರಳುಗಳು ಈಗ ಒಂದು ಲೋಟವನ್ನು ನೆಟ್ಟಗೆ ಹಿಡಿಯಲಾರದೆ ನಡುಗುತ್ತಿದ್ದವು.

“ಅಕ್ಕಾ, ಇದನ್ನೊಂದು ತುಂಬಿಕೊಡು,” ಎಂದು ಜೇಬಿನಿಂದ ಕಾಗದ ತೆಗೆದ. “ನನ್ನ ಕೈಲಿ ಅಕ್ಷರ ನಿಲ್ಲಲ್ಲ.”

ಮಾಜಿ ಸೈನಿಕರ ಆರೋಗ್ಯ ಕಚೇರಿಯ ಅರ್ಜಿ. ಜೊತೆಗೆ ಒಂದು ತಿಳಿವಳಿಕೆ ಪತ್ರ: ಕುಡಿತ ಬಿಡಲು ಬಯಸುವ ಮಾಜಿ ಸೈನಿಕರಿಗೆ ತೊಂಬತ್ತು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ, ಔಷಧಿ, ಊಟ, ಬಂದುಹೋಗುವ ಬಸ್ಸಿನ ಚೀಟಿಯವರೆಗೆ ಎಲ್ಲ ಖರ್ಚೂ ಆರೋಗ್ಯ ಕಾರ್ಡಿನ ಮೇಲೆ. ಬೇಕಾದದ್ದು ಕಾರ್ಡು, ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ, ತುಂಬಿದ ಅರ್ಜಿ. ಮೂರೇ ಮೂರು.

“ಡ್ರೈವರೂ ಬರ್ತೀನಿ ಅಂದಿದಾನೆ,” ಎಂದ ತಮ್ಮ. ಸೈನ್ಯದ ಲಾರಿ ಓಡಿಸುತ್ತಿದ್ದ ಗೆಳೆಯ ಅವನು, ಕುಡಿತದಲ್ಲೂ ಜೋಡಿ. “ಮೊದಲು ನೀನು ಹೋಗಿ ಬಾ, ಒಳಗೆ ಹೇಗಿದೆ ಹೇಳು, ಆಮೇಲೆ ನಾನು ಅಂದಿದಾನೆ. ಮಹಾ ಪುಕ್ಕಲ!”

ಅಕ್ಕ ಪೆನ್ನಿಗೆ ಮಸಿ ತುಂಬಿ ಕುಳಿತಳು. ಒಂದೊಂದು ಕಾಲಮ್ಮನ್ನೂ ಗಟ್ಟಿಯಾಗಿ ಓದಿ ತುಂಬುವುದು ಅವಳ ರೂಢಿ. ಹೆಸರು. ಸೇವಾ ಸಂಖ್ಯೆ. ಕಾರ್ಡಿನ ಸಂಖ್ಯೆ. ಏಳನೆಯದಕ್ಕೆ ಬಂದಾಗ ಮಾತ್ರ ಮನಸ್ಸಿನಲ್ಲೇ ಓದಿಕೊಂಡಳು: ಯಾವ ತೊಂದರೆಗೆ ಚಿಕಿತ್ಸೆ. ಒಂದು ಗಳಿಗೆ ಯೋಚಿಸಿ, ದುಂಡಗೆ, ಒಂದು ಚಿತ್ತಿಲ್ಲದೆ ‘ಜಠರದ ಉರಿ’ ಎಂದು ಬರೆದಳು.

ತಮ್ಮ ಬಗ್ಗಿ ನೋಡಿದ. “ಇದಲ್ಲವಲ್ಲ ಅಕ್ಕಾ.”

“ನನಗೆ ಗೊತ್ತು ಸುಮ್ನಿರೋ. ಕಾಗದದ ಮೇಲೆ ಬಿದ್ದ ಮಾತು ಅಳಿಸೋಕಾಗಲ್ಲ. ಪದಕ ತಗೊಂಡ ಮನುಷ್ಯ ನೀನು. ನಾಳೆ ಆ ಫೈಲು ಹತ್ತು ಜನರ ಕೈಲಿ ಓಡಾಡುತ್ತೆ. ಒಳಗೆ ಹೋದ ಮೇಲೆ ಡಾಕ್ಟರಿಗೆ ಬಾಯಲ್ಲಿ ಹೇಳ್ಕೋ.”

ಅಪ್ಪ ಅಮ್ಮ ಹೋದಮೇಲೆ ಅವನನ್ನು ಸಾಕಿದವಳು ಅವಳು. ಅವಳ ಮಾತಿಗೆ ಎದುರಾಡಿ ಅವನಿಗೆ ಅಭ್ಯಾಸವಿರಲಿಲ್ಲ. ನಡುಗುವ ಕೈಯಲ್ಲಿ ಸಹಿ ಹಾಕಿ, ಕಾಗದ ಮಡಿಸಿಕೊಂಡು ಹೋದ.

ಹನ್ನೊಂದು ದಿನ ಹೊಟ್ಟೆಯ ವಾರ್ಡಿನಲ್ಲಿಟ್ಟುಕೊಂಡು, ಸುಣ್ಣದ ನೀರಿನಂಥ ಔಷಧಿ ಕುಡಿಸಿ, ಗುಣವಾಗಿದೆ ಎಂದು ಕಳಿಸಿದರು. ಎರಡು ವರ್ಷ ಬಿಟ್ಟು ಮತ್ತೆ ಬಂದು ಕೇಳಿದ. ಆಗ ‘ನಿದ್ದೆ ಬಾರದಿರುವುದು’ ಎಂದು ಬರೆದಳು. ಆರು ದಿನಕ್ಕೆ ವಾಪಸು. ಮೂರನೆಯ ಸಲ ಅವನು ಬರಲೇ ಇಲ್ಲ.

*

ಸ್ಮಶಾನದ ಗೇಟಿನಿಂದ ಗುಂಡಿಯವರೆಗೆ ಪೆಟ್ಟಿಗೆ ಹೊರಲು ಮಾಜಿ ಸೈನಿಕರ ಸಂಘದಿಂದ ಆರು ಜನ ಬಂದಿದ್ದರು. ಡ್ರೈವರ್ ಏಳನೆಯವನಾಗಿ ನುಗ್ಗಿದ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಆದರೆ ಗಾಳಿ ಬೀಸಿದ ಕಡೆ ನಿಂತವರು ಮುಖ ತಿರುಗಿಸುತ್ತಿದ್ದರು.

“ನಿನ್ನ ಕೈ ನೋಡ್ಕೊಳ್ಳಪ್ಪ ಮೊದಲು,” ಎಂದರು ಸಂಘದ ಕಾರ್ಯದರ್ಶಿ. “ಬೀಳಿಸ್ತೀಯ.”

“ಇವನನ್ನ ನಾಲ್ಕು ಮೈಲಿ ಬೆನ್ನ ಮೇಲೆ ಹೊತ್ತಿದೀನಿ ಸಾರ್, ಕಾಲಿಗೆ ಗುಂಡು ಬಿದ್ದಾಗ.”

“ಆಗ ಹೊತ್ತಿದ್ದೆ. ಈಗ ಟೋಪಿ ಹಿಡ್ಕೊ.”

ಯಾರೋ ಕಿಸಕ್ಕೆಂದರು. ಡ್ರೈವರ್ ಸತ್ತವನ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎಲ್ಲರ ಹಿಂದೆ ನಡೆದ. ಟೋಪಿಯೂ ನಡುಗುತ್ತಿತ್ತು. ಅಕ್ಕನಿಗೆ ಮಣ್ಣು ಹಾಕುವ ಹೊತ್ತಿಗೂ ಅದೊಂದೇ ಕಾಣುತ್ತಿತ್ತು.

*

ಸಾವಿಗೆ ಹದಿನಾರು ದಿನ ಮುಂಚೆ, ತಮ್ಮ ರಕ್ತ ಕಾರಿ ಆಸ್ಪತ್ರೆ ಸೇರಿದ ಮರುದಿನ, ಅಕ್ಕ ಆರೋಗ್ಯ ಕಚೇರಿಗೆ ಜಗಳಕ್ಕೆ ಹೋಗಿದ್ದಳು. ಎರಡು ಸಲ ಬಂದವನನ್ನು ಸರಿಯಾಗಿ ನೋಡಲಿಲ್ಲವೇಕೆ ಎಂದು ಕೌಂಟರಿನ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡಳು. ಹುಡುಗಿ ಫೈಲು ತೆಗೆದು ನಿಧಾನವಾಗಿ ಪುಟ ತಿರುವಿದಳು.

“ಅಕ್ಷರ ಎಷ್ಟು ಚೆನ್ನಾಗಿದೆ! ಇಂಥ ಅರ್ಜಿ ಬರೋದೇ ಅಪರೂಪ,” ಎಂದಳು. “ಏಳನೇ ಕಾಲಮ್ಮಲ್ಲಿ ಏನಿದೆಯೋ ಆ ವಾರ್ಡಿಗೆ ಹೋಗುತ್ತೆ ಮೇಡಂ. ಜಠರ ಅಂತ ಇದೆ, ಜಠರಕ್ಕೆ ಕಳಿಸಿದೀವಿ.”

“ಅವನು ಅಲ್ಲಿ ಡಾಕ್ಟರಿಗೆ ಹೇಳಿರಬೇಕಲ್ಲ?”

ಹುಡುಗಿ ಇನ್ನೊಂದು ಹಾಳೆ ನೋಡಿದಳು. “ಹೇಳಿದಾರೆ, ಇಲ್ಲಿದೆ. ಹೊಸ ಅರ್ಜಿ ತನ್ನಿ ಅಂತ ಡಾಕ್ಟರು ಬರೆದಿದಾರೆ. ‘ಅಕ್ಕನನ್ನು ಕೇಳಿ ಹೇಳುತ್ತೇನೆ’ ಅಂದರಂತೆ. ಕುಡಿತ ಅಂತ ಒಂದು ಮಾತು ಬರೆದಿದ್ರೆ ಬೇರೆ ಕಟ್ಟಡ, ಮೂರು ತಿಂಗಳು. ಎಷ್ಟೋ ಜನ ಬರ್ತಾರೆ ಮೇಡಂ, ನಾವು ಯಾರೂ ನಗಲ್ಲ.”

ಹುಡುಗಿ ಖಾಲಿ ಅರ್ಜಿಯೊಂದನ್ನು ಮುಂದೆ ತಳ್ಳಿದಳು. ಅಕ್ಕ ಅದನ್ನು ಚೀಲಕ್ಕೆ ಹಾಕಿಕೊಂಡು ಬಂದಳು. ಅಷ್ಟು ಹೊತ್ತಿಗೆ ತಮ್ಮನಿಗೆ ಸಹಿ ಹಾಕುವಷ್ಟೂ ಎಚ್ಚರವಿರಲಿಲ್ಲ.

*

ಮಣ್ಣಿನಿಂದ ಎಲ್ಲರೂ ಮನೆಗೆ ಮರಳಿದಾಗ ಮಧ್ಯಾಹ್ನ ಎರಡಾಗಿತ್ತು. ಒಳಗೆ ಚಹಾ ಹಂಚುತ್ತಿದ್ದರು. ಡ್ರೈವರ್ ಒಳಗೆ ಬರದೆ ಕಾಂಪೌಂಡಿನ ಗೋಡೆಯ ಮೇಲೆ ಕುಳಿತಿದ್ದ. ಅಕ್ಕ ಅವನಿಗೊಂದು ಲೋಟ ತಂದಳು. ಎರಡೂ ಕೈಯಲ್ಲಿ ಹಿಡಿದರೂ ಅರ್ಧ ಅವನ ಮೊಣಕಾಲಿನ ಮೇಲೆ ಚೆಲ್ಲಿತು.

“ನೀನು ಆಸ್ಪತ್ರೆಗೆ ಹೋಗ್ತೀನಿ ಅಂದಿದ್ದೆಯಂತೆ, ಅವನ ಜೊತೆ,” ಎಂದಳು ಅಕ್ಕ. “ಯಾಕೆ ಹೋಗಲಿಲ್ಲ?”

“ಎಲ್ಲಿಗೆ ಹೋಗೋದಕ್ಕಾ? ತಂತಿ ಹೋಗಿಬಂದು ಹೇಳಿದ್ನಲ್ಲ. ‘ಬಿಳೀ ಔಷಧಿ ಕುಡಿಸಿ ಕಳಿಸ್ತಾರೆ ಕಣೋ, ಕುಡಿತಕ್ಕೆ ಅವರ ಹತ್ರ ಏನೂ ಇಲ್ಲ’ ಅಂದ. ಎರಡನೇ ಸಲ ಬಂದಾಗಲೂ ಅದನ್ನೇ ಅಂದ. ಸುಳ್ಳು ಹೇಳೋನಲ್ಲ ಅವನು. ನಾನು ಆ ಆಸೇನೇ ಬಿಟ್ಟೆ.”

ಅಕ್ಕ ಗೋಡೆಗೆ ಒರಗಿ ನಿಂತಳು. ಸುಳ್ಳು ಹೇಳದವನು ಹೇಳಿದ್ದು ಅದೊಂದೇ ಸುಳ್ಳು. ಗೆಳೆಯನ ಹತ್ತಿರವೂ, ಹೆಂಡತಿಯ ಹತ್ತಿರವೂ, ‘ಅಕ್ಕ ತಪ್ಪು ಬರೆದಳು’ ಎಂಬ ಮೂರು ಮಾತು ಅವನ ಬಾಯಿಂದ ಹೊರಡಲಿಲ್ಲ. ಅವಳ ಮರ್ಯಾದೆ ಉಳಿಸಲು ಅವನು ಕೈಲಾಗದವನೆನಿಸಿಕೊಂಡು ಸತ್ತ. ಅವನ ಮರ್ಯಾದೆ ಉಳಿಸುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು. ಬೆಳಗಿನಿಂದ ಬಾರದ ಅಳು ಆಗ ಬಂತು. ಡ್ರೈವರ್ ಗಾಬರಿಯಾಗಿ ಲೋಟ ಕೆಳಗಿಟ್ಟ.

“ಕಾರ್ಡು ಇದೆಯೇನೋ ನಿನ್ನ ಹತ್ರ?” ಎಂದಳು, ಸೆರಗಿನಿಂದ ಮೂಗು ಒರೆಸಿಕೊಂಡು.

“ಯಾವಾಗಲೂ ಜೇಬಲ್ಲೇ ಇರುತ್ತೆ. ಯಾಕೆ?”

“ಬಾ ಒಳಗೆ.”

ಬಾಗಿಲ ಪಕ್ಕದ ಮೇಜಿನ ಮೇಲೆ ಬಂದವರು ಹೆಸರು ಬರೆಯಲೆಂದು ಸಂಘದವರು ಒಂದು ಪುಸ್ತಕ ಇಟ್ಟಿದ್ದರು. ಅಕ್ಕ ಅದನ್ನು ಆಚೆ ಸರಿಸಿ, ಚೀಲದಿಂದ ಅರ್ಜಿ ತೆಗೆದು ಹರಡಿದಳು. ಡ್ರೈವರನ್ನು ಎದುರಿಗೆ ಕೂರಿಸಿದಳು. ಕಾರ್ಯದರ್ಶಿ, ಬೇಕರಿಯವಳು, ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಸಾವಿನ ಮನೆಯಲ್ಲೂ ಅರ್ಜಿ ಅಕ್ಕ ಅರ್ಜಿ ಬಿಡಳಲ್ಲ ಎಂದುಕೊಂಡಿರಬೇಕು.

“ಒಂದು. ಹೆಸರು,” ಎಂದು ಗಟ್ಟಿಯಾಗಿ ಓದಿ ಬರೆದಳು. “ಎರಡು. ಸೇವಾ ಸಂಖ್ಯೆ.” ಡ್ರೈವರ್ ಬಾಯಿಪಾಠ ಒಪ್ಪಿಸಿದ. ಆರರವರೆಗೆ ಪೆನ್ನು ನಿಲ್ಲಲಿಲ್ಲ.

“ಏಳು,” ಎಂದಳು. “ಯಾವ ತೊಂದರೆಗೆ ಚಿಕಿತ್ಸೆ.”

ತಲೆ ಎತ್ತಿ ತಮ್ಮನ ಹೆಂಡತಿಯನ್ನು ಹುಡುಕಿದಳು. ಅವಳು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

“ಇದನ್ನ ಅವನಿಗೆ ಎರಡು ಸಲ ತಪ್ಪು ಬರೆದೆ ಕಣೇ. ಬೇಕೂ ಅಂತ. ಬಿಡಬೇಕು ಅಂತಾನೇ ಅವನು ನನ್ನ ಹತ್ರ ಬಂದಿದ್ದ, ಎರಡು ಸಲಾನೂ. ಇದಲ್ಲವಲ್ಲ ಅಕ್ಕಾ ಅಂತ ಹೇಳಿದ್ದ. ನನಗೆ ನಾಚಿಕೆಯಾಗಿ ಒಂದು ಸಲ ಹೊಟ್ಟೆ ಅಂತ, ಇನ್ನೊಂದು ಸಲ ನಿದ್ದೆ ಅಂತ ಬರೆದೆ. ಅವರು ಅದನ್ನೇ ನೋಡಿ ಕಳಿಸಿದ್ರು. ಮನಸ್ಸಿತ್ತು ಅವನಿಗೆ. ನೀನೂ ಬೇಕಾಗಿದ್ದೆ, ಮಗಳೂ ಬೇಕಾಗಿದ್ದಳು.”

ಡ್ರೈವರ್ ಬಾಯಿ ಅರ್ಧ ತೆರೆದು ಅಕ್ಕನನ್ನೇ ನೋಡುತ್ತಿದ್ದ. ಅಕ್ಕ ಬಗ್ಗಿ ‘ಕುಡಿತ’ ಎಂದು ಬರೆದಳು. ಮೂವತ್ತೊಂದು ವರ್ಷ ಬರೆದ ಕೈಯಲ್ಲಿ ಮೊದಲ ಸಲ ಅಕ್ಷರ ಸೊಟ್ಟಗಾಯಿತು, ಮಸಿ ಹೆಚ್ಚು ಇಳಿಯಿತು. ಪೆನ್ನನ್ನು ಡ್ರೈವರ್ ಕೈಗೆ ಕೊಟ್ಟು, ಅವನ ಮಣಿಕಟ್ಟನ್ನು ಮೇಜಿಗೆ ಒತ್ತಿಹಿಡಿದಳು. ಸಹಿ ಗೆರೆ ದಾಟಿ ಎತ್ತಲೋ ಹೋಯಿತು, ಆದರೆ ಬಿತ್ತು.

“ನನ್ನ ಹತ್ರಾನೂ ಹೇಳಲಿಲ್ಲ ಅವರು,” ಎಂದಳು ತಮ್ಮನ ಹೆಂಡತಿ. “ನಾನು ಅಷ್ಟು ಬೈದರೂ.”

“ಹೇಳಲಿಲ್ಲ.”

ಅವಳು ತಟ್ಟೆಯನ್ನು ನೆಲದ ಮೇಲಿಟ್ಟು ಒಳಕೋಣೆಗೆ ಹೋದಳು. ಅಕ್ಕ ಬಾಗಿಲು ದಢಾರನೆ ಬೀಳುವುದನ್ನು ಕಾಯುತ್ತ ಕುಳಿತಳು. ಬಾಗಿಲು ಬೀಳಲಿಲ್ಲ. ಹೊರಗಿನ ಗಾಳಿಗೆ ಮೇಜಿನ ಮೇಲಿನ ಕಾಗದ ಮೇಲೇಳುತ್ತಿತ್ತು. ಮಸಿ ಇನ್ನೂ ಹಸಿಯಾಗಿತ್ತು, ಮಡಿಸುವಂತಿರಲಿಲ್ಲ.

ತಮ್ಮನ ಹೆಂಡತಿ ವಾಪಸು ಬಂದಳು. ಅವಳ ಕೈಯಲ್ಲಿ ಗಂಡನ ಇಕ್ಕಳವಿತ್ತು, ತಂತಿ ಎಳೆಯುವಾಗಿನದು, ಹಿಡಿಗೆ ಸುತ್ತಿದ ಕಪ್ಪು ಟೇಪು ಬೆರಳಿನ ಆಕಾರಕ್ಕೆ ಸವೆದಿತ್ತು. ಅಕ್ಕನ ಮುಖ ನೋಡದೆ ಅದನ್ನು ಅರ್ಜಿಯ ಅಂಚಿನ ಮೇಲೆ ಇಟ್ಟಳು. ಕಾಗದ ಹಾರುವುದು ನಿಂತಿತು.

ಆಮೇಲೆ ಬಂದವರು, ಹೆಸರು ಬರೆಯುವ ಪುಸ್ತಕ ಅದೇ ಇರಬೇಕೆಂದು, ಮೇಜಿನ ಮೇಲೆ ಬಗ್ಗಿದರು. ಇಕ್ಕಳದ ಪಕ್ಕದಲ್ಲಿ ಸೊಟ್ಟಗೆ ಬಿದ್ದಿದ್ದ ಆ ಒಂದು ಮಾತನ್ನು ಓದಿ, ಒಬ್ಬೊಬ್ಬರಾಗಿ ಒಳಗೆ ನಡೆದರು. ಯಾರೂ ನಗಲಿಲ್ಲ.