ಚೋಟುದ್ದದ ಜೀವ

“ಇಳಿಸ್ರೋ! ಮುಂದೆ ಹೋಗ್ಬೇಡಿ!”

ಹೊತ್ತವರು ಬಿದಿರಿನ ವಿಮಾನವನ್ನು ಕಾಫಿ ತೋಟದ ಬೇಲಿ ಪಕ್ಕ ಇಳಿಸಿದರು. ಅದರಲ್ಲಿ ಕೂರಿಸಿದ್ದ ಶಾಂತಮಲ್ಲಪ್ಪನ ಹೆಣದ ತಲೆ ಒಂದು ಕಡೆ ವಾಲಿತು. ಮಗ ಸಂಜಯ್ ಅದನ್ನು ನೆಟ್ಟಗೆ ಮಾಡಿದ.

“ಏನಾಯ್ತು ಚಿಕ್ಕಪ್ಪ?”

“ಗುಂಡಿಗೆ ಆನೆಮರಿ ಬಿದ್ಬುಟ್ಟೈತೆ,” ಗುಂಡಿಯ ಕಡೆಯಿಂದ ಓಡಿ ಬಂದ ರುದ್ರಯ್ಯ ಹೇಳಿದ. “ತಾಯಿ ಅಲ್ಲೇ ಸಿಲ್ವರ್ ಮರದ ಹತ್ರ ನಿಂತೈತೆ.”

ಬೆಳಿಗ್ಗೆ ಆ ಗುಂಡಿ ತೋಡಿದ್ದು ಸಂಜಯ್ ಮತ್ತು ಅವನ ಗೆಳೆಯರು. ಹೆಣವನ್ನು ಕೂರಿಸಿ ಮಣ್ಣು ಮಾಡುವ ಗುಂಡಿ. ಆಳವೂ ಹೆಚ್ಚು, ಅಗಲವೂ ಹೆಚ್ಚು. ಅವ್ವನ ಸಮಾಧಿಗೆ ಅಂಟಿಕೊಂಡೇ ಇತ್ತು. ತೋಡಿದ ಗುಂಡಿಯನ್ನು ಬರಿದೇ ಬಿಟ್ಟು ಬರಬಾರದು, ಒಬ್ಬರು ಕಾವಲಿರಬೇಕು ಎಂದು ರುದ್ರಯ್ಯ ಹೇಳಿದ್ದ. ‘ಹೆಣ ಮನೇಲೈತೆ, ಬರೀ ಗುಂಡಿಗೆಂಥಾ ಕಾವಲು’ ಎಂದು ರೇಗಿ ಸಂಜಯ್ ಎಲ್ಲರನ್ನೂ ಕರೆದುಕೊಂಡು ಬಂದಿದ್ದ.

“ಜೆಸಿಬಿ ತರಿಸಿ ಒಂದು ಮಗ್ಗಲು ಒಡೆದ್ರೆ ಅದೇ ಹತ್ಕಂಡು ಬರ್ತೈತೆ,” ಎಂದ ಅವನ ಹಿಂದೆಯೇ ಬಂದ ಫಾರೆಸ್ಟ್ ವಾಚರ್.

“ಜೆಸಿಬಿ ಬರೋ ದಾರಿ ನಮ್ಮವ್ವನ ಸಮಾಧಿ ಮೇಲೆ. ಹತ್ತಿಸ್ತೀರಾ?” ಸಂಜಯ್ ಸಿಡುಕಿದ.

“ಮತ್ತೇನ್ ಮಾಡಾಣ ಮಾರಾಯ? ಬೇರೆ ಗುಂಡಿ ತೋಡು.”

“ಎಲ್ಲಿ ತೋಡ್ಲಿ? ಅವ್ವನ ಪಕ್ಕ ಉಳಿದಿರೋದೇ ಅಷ್ಟು. ಹೊತ್ತು ಮುಳುಗೋದ್ರೊಳಗೆ ಅಪ್ಪನ್ನ ಅಲ್ಲೇ ಕೂರಿಸ್ಬೇಕು. ಪಟಾಕಿ ಹೊಡೀರಿ, ತಾಯಿ ಓಡ್ಲಿ. ಮರಿ ಸತ್ರೆ ಸಾಯ್ಲಿ! ನಮ್ಮ ಗದ್ದೆ ತುಳಿದಾಗ ಯಾವ ಆನೆ ಕನಿಕರ ಪಡ್ತು?”

ಸೋದರತ್ತೆ ಜಗದಾಂಬ ಸೆರಗಿನಿಂದ ಮೂಗೊರೆಸಿಕೊಂಡಳು.

“ಚೋಟುದ್ದ ಐತೆ ಕಣೋ ಅದು. ಅದ್ಯಾವಾಗ ನಿನ್ನ ಗದ್ದೆ ತುಳೀತು?”

* * *

ವರ್ಷಗಳ ಹಿಂದೆ ಒಮ್ಮೆ ಕೊಯ್ಲಿಗೆ ಬಂದ ಭತ್ತವನ್ನು ಆನೆಗಳು ನೆಲಸಮ ಮಾಡಿದ್ದವು. ಒಂಬತ್ತನೇ ಕ್ಲಾಸಿನಲ್ಲಿದ್ದ ಸಂಜಯ್ ಸ್ಕೂಲ್ ಬ್ಯಾಗನ್ನು ಅಟ್ಟಕ್ಕೆ ಎಸೆದು, ನಾಳೆಯಿಂದ ಕೂಲಿಗೆ ಹೋಗುತ್ತೇನೆ ಎಂದ. ಅಪ್ಪ ಗದ್ದೆಗಿಳಿದು, ಕೆಸರಲ್ಲಿ ಮಲಗಿದ್ದ ತೆನೆಗಳನ್ನು ತೊಳೆದು ಬದುವಿನ ಮೇಲೆ ಒಣಹಾಕತೊಡಗಿದ.

“ಬೈಯಪ್ಪ! ಫಾರೆಸ್ಟ್‌ನೋರಿಗೆ ಬೈಯಿ, ಆನೆಗೆ ಬೈಯಿ, ನಂಗಾದ್ರೂ ಬೈಯಿ!”

“ಹೊಟ್ಟೆಗೇನಾದ್ರೂ ತಿಂದ್ಯೇನೋ?” ಎಂದ ಶಾಂತಮಲ್ಲಪ್ಪ.

ಬದುಕಿದ್ದಷ್ಟು ಕಾಲವೂ ಹಾಗೇ. ಬೇರೆಯವರ ತೋಟದಲ್ಲಿ ಕಾಳುಮೆಣಸು ಕೊಯ್ದ, ಏಣಿಯಿಂದ ಬಿದ್ದ, ಕುಂಟುತ್ತಲೇ ಮತ್ತೆ ಏಣಿ ಹತ್ತಿದ. ಆ ಸಹನೆ ಕಂಡರೆ ಸಂಜಯ್‌ಗೆ ಮೈ ಉರಿಯುತ್ತಿತ್ತು.

* * *

ಗುಂಡಿಯೊಳಗಿಂದ ಮರಿ ಕೂಗಿತು. ತಾಯಿ ಕಾಫಿ ಗಿಡ ಮುರಿದುಕೊಂಡು ಬೇಲಿಯತ್ತ ನುಗ್ಗಿತು. ಜನ ದಿಕ್ಕಾಪಾಲಾಗಿ ಓಡಿದರು. ವಿಮಾನದ ಹತ್ತಿರ ಉಳಿದವರು ಸಂಜಯ್ ಮತ್ತು ಅತ್ತೆ ಮಾತ್ರ. ವಾಚರ್ ಪಟಾಕಿ ಹಚ್ಚಿ ಎಸೆದ. ಆನೆ ನಿಂತಿತು, ನೆಲ ಕೆದರಿತು, ಹಿಂದೆ ಸರಿಯಿತು.

“ಗುಂಡಿ ಬರಿದೇ ಬಿಟ್ಟು ಬಂದೋನು ಯಾರೋ?” ಅತ್ತೆ ಮೆಲ್ಲಗೆ ಕೇಳಿದಳು.

ಸಂಜಯ್ ಹಲ್ಲು ಕಡಿದ. ಬೇಲಿಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡ.

“ಏಯ್, ಸಾಯ್ತೀಯ ಕಣೋ!” ದೂರದಿಂದ ರುದ್ರಯ್ಯ ಕಿರುಚಿದ.

“ಅದು ಹತ್ರ ಬರದಂಗೆ ಪಟಾಕಿ ಹೊಡೀತಾ ಇರಿ. ಅವ್ವ ಇಲ್ಲದ ಮಗ್ಗಲು ನಾನೇ ಒಡೀತೀನಿ.”

ಗುಂಡಿಯ ಅಂಚಿಗೆ ಹೋಗಿ ಅಗೆದ. ಸಿಡಿದ ಸದ್ದಿಗೆ ಆನೆ ಹಿಂದೆ ಸರಿಯುತ್ತಿತ್ತು, ಸದ್ದು ನಿಂತರೆ ಮುಂದೆ ಬರುತ್ತಿತ್ತು. ಸಂಜಯ್ ಅದಕ್ಕೆ ಬೈದ, ಸತ್ತ ಅಪ್ಪನಿಗೆ ಬೈದ, ತನಗೇ ಬೈದುಕೊಂಡ. ಗುದ್ದಲಿ ಮಾತ್ರ ನಿಲ್ಲಿಸಲಿಲ್ಲ. ಒಂದು ಮಗ್ಗಲು ಕುಸಿದು ಇಳಿಜಾರಾಯಿತು. ಮರಿ ಹತ್ತಿತು, ಜಾರಿತು, ಮತ್ತೆ ಹತ್ತಿತು. ಕೊನೆಗೆ ಅವನ ಮೊಣಕಾಲಿಗೆ ಮೈ ಉಜ್ಜಿಕೊಂಡೇ ಹಾದು ತಾಯಿಯ ಕಾಲ ಸಂದಿಗೆ ಓಡಿತು. ಎರಡೂ ತೋಟದೊಳಗೆ ಮರೆಯಾದವು.

ಹೊತ್ತು ಗುಡ್ಡಕ್ಕೆ ತಾಗಿತ್ತು. ಅಪ್ಪನನ್ನು ಕೂರಿಸಲು ಗುಂಡಿಯ ಒಳಗೋಡೆಯಲ್ಲಿ ಕೊರೆದಿದ್ದ ಗೂಡು ಹಾಗೇ ಉಳಿದಿತ್ತು. ಮೇಲಿನಿಂದ ಹೆಣ ಇಳಿಸಲು ರುದ್ರಯ್ಯ ಪಂಚೆ ಹಾಸಿದ.

“ಅದು ಬೇಡ ಚಿಕ್ಕಪ್ಪ.”

ಸಂಜಯ್ ಕಟ್ಟು ಬಿಚ್ಚಿ, ಕಾಲು ಮಡಿಸಿ ಕುಳಿತಿದ್ದ ಅಪ್ಪನನ್ನು ಹಾಗೆಯೇ ಎದೆಗೆ ಎತ್ತಿಕೊಂಡ. ಮರಿ ಹತ್ತಿಬಂದ ಇಳಿಜಾರಿನ ಸಡಿಲ ಮಣ್ಣಿನಲ್ಲಿ ಕಾಲು ಜಾರಿದಾಗಲೆಲ್ಲ ನಿಂತು, ನಿದ್ದೆಹೋದ ಕೂಸನ್ನು ಹೆಗಲಿಗೆ ಸರಿಮಾಡಿಕೊಂಡ ಹಾಗೆ ಅಪ್ಪನನ್ನು ಮೇಲಕ್ಕೆ ಸರಿಸಿಕೊಂಡು, ಒಂದೊಂದೇ ಹೆಜ್ಜೆ ಕೆಳಗಿಳಿದ.